ಯಾರ ಎಲೆ, ಯಾರ ಮರ

ಸಣ್ಣತಾಯಮ್ಮ ತನ್ನ ಅಂಗಳಕ್ಕೆ ಉದುರುವ ತರಗೆಲೆಗೆ ಮರದ ಹೊಟ್ಟು ಕಲಸಿ, ಅಚ್ಚಿನಲ್ಲಿ ಒತ್ತಿ, ಒಲೆಗೆ ಹಾಕುವ ಬಿಲ್ಲೆ ಮಾಡಿ ಮಾರುತ್ತಿದ್ದಳು. ಅದೇ ಅವಳ ಜೀವನ. ಪಕ್ಕದ ಮನೆಯ ಚಿಕ್ಕಬೋರೇಗೌಡರಿಗೆ ಹೊಟ್ಟೆಯುರಿ. ಮೀಸೆ ತಿರುವುತ್ತಾ ಬಂದರು.

"ಎಲೆ ನಮ್ಮ ಹೊಂಗೆಮರದ್ದು. ಅಂದ್ಮೇಲೆ ಬಿಲ್ಲೆಯೆಲ್ಲ ನಮ್ಮದೇ!"

"ನಿಮ್ಮದೇ ಗೌಡ್ರೇ. ಹಂಗಾದ್ರೆ ನಿಮ್ಮ ಎಲೆ ನಮ್ಮ ಅಂಗಳದಲ್ಲಿ ಯಾಕೆ? ತಗೊಳ್ಳಿ ಪೊರಕೆ."

ಗೆದ್ದೆನೆಂದು ಗೌಡರು ಗುಡಿಸತೊಡಗಿದರು. ಗುಡಿಸಿದಷ್ಟೂ ಉದುರಿತು. ಗೆದ್ದವನು ಯಾಕೆ ಗುಡಿಸುತ್ತಿದ್ದೇನೆಂದು ತಿಳಿಯದೆ, ಕೊನೆಗೆ ಸೊಂಟ ಹಿಡಿದುಕೊಂಡು ಪೊರಕೆ ಬಿಸಾಕಿದರು.

"ಹಾಳಾಗ್ಲಿ, ಎಲೆಯೆಲ್ಲ ನಿಂದೇ ಕಣಮ್ಮ!"

ಅವಳು ಕತ್ತೆತ್ತಿ ನೋಡಿದಳು. "ಅಯ್ಯೋ, ನಮ್ಮ ಎಲೆ ಇನ್ನೂ ಅಷ್ಟೊಂದು ನಿಮ್ಮ ಮರದಲ್ಲೇ ಇದೆಯಲ್ಲ! ಯಾವಾಗ ಇಳಿಸಿಕೊಡ್ತೀರಿ?"

ಗೌಡರು ಮರ ನೋಡಿದರು, ಅವಳನ್ನು ನೋಡಿದರು. ಮನೆಗೆ ಹೋಗಿ ಮೆಲ್ಲಗೆ ಹೆಂಡತಿಯನ್ನು ಕೇಳಿದರು: "ಲೇ ಇವಳೇ, ಆ ಹೊಂಗೆ ನೆಟ್ಟಿದ್ದು ನಮ್ಮಪ್ಪನಾ, ಅವರಪ್ಪನಾ?"