ಕಿಂಡಿಯಲ್ಲಿ ಬಂದ ಬೆರಳು

“ಮುಂಚೆಯೇ ಹೇಳಿದ್ದರೆ ನೀವು ಬೈಯುತ್ತಿದ್ದಿರಿ.”

ನನ್ನ ಹೆಂಡತಿ ಪುಟ್ಟಮಾದಮ್ಮ ಕೊನೆಗೆ ನನಗೆ ಹೇಳಿದ ಮಾತು ಇದು. ಆಸ್ಪತ್ರೆಯ ಮಂಚದ ಮೇಲೆ ಹೇಳಿದಳು. ಆಮೇಲೆ ಉಳಿಯಲಿಲ್ಲ. ಮೈಯಲ್ಲಿ ರಕ್ತ ತೀರಾ ಕಡಿಮೆಯಾಗಿತ್ತಂತೆ. ರಕ್ತ ನೋಡುವ ಯಂತ್ರ ನಮ್ಮ ಬೀದಿಗೆ ಎರಡು ಸಲ ಬಂದಿತ್ತು. ಬಟ್ಟೆ ಒಗೆಯುವುದಿದೆ ಎಂದು ಎರಡು ಸಲವೂ ಅವಳು ಹೋಗಿರಲಿಲ್ಲ.

ಮೂರು ತಿಂಗಳ ಮೇಲೆ ನಮ್ಮ ಮಠದ ಗುರುಗಳ ಹತ್ತಿರ ಹೋದೆ. ಕೇಳಿದೆ.

“ಬುದ್ಧೀ, ಅದೇ ಯಂತ್ರ ನಾಳೆ ನನ್ನ ಮಗಳ ಶಾಲೆಗೆ ಬರುತ್ತದಂತೆ. ಮಗಳು ಸಿಂಚನಾ ಈಗೀಗ ಗೋಡೆ ಹಿಡಿದು ಏಳುತ್ತಾಳೆ. ಏನಾಯಿತು ಅಂದರೆ ಏನಿಲ್ಲ ಅನ್ನುತ್ತಾಳೆ. ಅವಳ ತಾಯಿಯನ್ನು ಉಳಿಸದ ಯಂತ್ರ ಅದು. ನಂಬಬಹುದೇ?”

ಗುರುಗಳು ಕೂತುಕೋ ಎಂದರು. ಕೂತೆ. ಅವರು ಹೇಳಿದ ಕತೆ ಇದು.

ಒಂದು ಹುಡುಗಿಯರ ಹಾಸ್ಟೆಲ್ಲು. ಅದಕ್ಕೊಬ್ಬಳು ವಾರ್ಡನ್. ಒಳ್ಳೆಯವಳು. ಹಾಸ್ಟೆಲ್ಲಿಗೆ ಒಂದು ಯಂತ್ರ ಬಂತು. ಸೂಜಿ ಚುಚ್ಚುವುದಿಲ್ಲ. ಬೆರಳಿಗೆ ಕ್ಲಿಪ್ಪು ಹಾಕಿದರೆ ಸಾಕು. ರಕ್ತ ಸರಿಯಾಗಿದ್ದರೆ ಹಸಿರು ದೀಪ. ಕಡಿಮೆಯಿದ್ದರೆ ಕೆಂಪು.

ಕೆಂಪು ಬಂದವರು ಮನೆಗೆ ಹೋಗಿ ಸುಧಾರಿಸಿಕೊಂಡು ಬರಲಿ ಎಂದು ವಾರ್ಡನ್ ನಿಯಮ ಮಾಡಿದಳು. ಮೊದಲ ಸೋಮವಾರ ಒಂದು ಕೋಣೆಯವರನ್ನಷ್ಟೇ ನೋಡಿದಾಗ ಮೂವರಿಗೆ ಕೆಂಪು ಬಂತು. ಮೂವರನ್ನೂ ಕಳಿಸಿದಳು. ಒಬ್ಬಳು ವಾಪಸ್ಸು ಬಂದಳು. ಒಬ್ಬಳನ್ನು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಇರಿಸಿಕೊಂಡರು. ಇನ್ನೊಬ್ಬಳಿಗೆ ಗಂಡು ನೋಡಿದರು.

ಮುಂದಿನ ಸೋಮವಾರ ಎಲ್ಲರಿಗೂ ಹಸಿರು. ಅದರ ಮುಂದಿನ ಸೋಮವಾರವೂ ಹಸಿರೇ. ನಮ್ಮ ಮಕ್ಕಳು ಗಟ್ಟಿಯಾದರು ಎಂದು ವಾರ್ಡನ್ ಕಂಡವರಿಗೆಲ್ಲ ಹೇಳಿಕೊಂಡು ಬಂದಳು.

ಒಂದು ದಿನ ಪ್ರಾರ್ಥನೆಯ ಸಾಲಿನಲ್ಲಿ ಒಬ್ಬ ಹುಡುಗಿ ಬಿದ್ದಳು. ಹಲ್ಲು ಮುರಿಯಿತು. ವಾರ್ಡನ್ ಹೋಗಿ ಪುಸ್ತಕ ನೋಡಿದಳು. ಆ ಹುಡುಗಿಯ ನಂಬರಿನ ಮುಂದೆ ವಾರ ವಾರವೂ ಹಸಿರೆಂದು ಬರೆದಿತ್ತು. ಅವಳಿಗೆ ಸಿಟ್ಟು ಬಂತು. ಯಂತ್ರದವನನ್ನು ಕರೆಸಿದಳು.

“ಏನಪ್ಪಾ, ಡಬ್ಬ ತಂದು ಕೊಟ್ಟು ಹೋಗಿದ್ದೀಯ. ಎಲ್ಲರಿಗೂ ಹಸಿರು ತೋರಿಸುವುದಕ್ಕೆ ಯಂತ್ರ ಯಾಕೆ ಬೇಕು? ಒಂದು ಹಸಿರು ಬಲ್ಬು ಹಾಕಿದ್ದರೆ ಆಗುತ್ತಿರಲಿಲ್ಲವೇ?”

ಅವನು ಕ್ಲಿಪ್ಪನ್ನು ತನ್ನ ಬೆರಳಿಗೆ ಹಾಕಿಕೊಂಡ. ಹಸಿರು. ಬಿದ್ದ ಹುಡುಗಿಯ ಬೆರಳಿಗೆ ಹಾಕಿದ. ಕೆಂಪು.

“ಡಬ್ಬ ಚೆನ್ನಾಗೇ ಇದೆ ಮೇಡಂ. ನೀವು ಎಲ್ಲಿ ಕೂತು ನೋಡುತ್ತೀರಿ?”

ವಾರ್ಡನ್ ತೋರಿಸಿದಳು. ಅಡುಗೆಮನೆಯಿಂದ ಊಟದ ತಟ್ಟೆ ಕೊಡುವ ಕಿಂಡಿ. ಅವಳು ಒಳಗೆ ಕೂರುತ್ತಿದ್ದಳು. ಹುಡುಗಿಯರು ಹೊರಗಿನಿಂದ ಕೈ ಚಾಚಿ ನಂಬರು ಹೇಳುತ್ತಿದ್ದರು. ಕಿಂಡಿಯಲ್ಲಿ ಕೈ ಬರುತ್ತಿತ್ತು. ಮುಖ ಬರುತ್ತಿರಲಿಲ್ಲ.

ವಾರ್ಡನ್ ಅಲ್ಲಿ ನೆರೆದಿದ್ದ ಹುಡುಗಿಯರ ಕಡೆ ತಿರುಗಿದಳು. ಕಬಡ್ಡಿ ಆಡುವ ದಪ್ಪ ಹುಡುಗಿಯೊಬ್ಬಳು ತಾನೇ ಮುಂದೆ ಬಂದಳು.

“ಏಳು ಜನದ್ದು ನನ್ನದೇ ಬೆರಳು ಮೇಡಂ. ಕ್ಲಾಸಿನಲ್ಲಿ ಒಬ್ಬರ ಹಾಜರಿ ಇನ್ನೊಬ್ಬರು ಕೂಗುವುದಿಲ್ಲವೇ, ಹಾಗೆ. ಕೆಂಪು ಬಂದರೆ ನೀವು ಮನೆಗೆ ಕಳಿಸುತ್ತೀರಿ. ಹೋದ ಮೂವರಲ್ಲಿ ಒಬ್ಬಳೇ ವಾಪಸ್ಸು ಬಂದಳು. ಬೈಯುವುದಾದರೆ ನನ್ನೊಬ್ಬಳನ್ನೇ ಬೈಯಿರಿ. ಇವರಿಗೆ ಬೈಸಿಕೊಳ್ಳುವ ಶಕ್ತಿಯೂ ಇಲ್ಲ.”

ಯಂತ್ರದವನು ನಕ್ಕುಬಿಟ್ಟ. ವಾರ್ಡನ್ ನಗಲಿಲ್ಲ. ಅಂದೇ ನಿಯಮ ತೆಗೆದಳು. ಕೆಂಪು ಬಂದವರು ಇಲ್ಲಿಯೇ ಇರಬೇಕು, ಊಟಕ್ಕೆ ಎಲ್ಲರಿಗಿಂತ ಮೊದಲು ಕೂರಬೇಕು, ಮಾತ್ರೆಯನ್ನು ನನ್ನ ಕೈಯಿಂದಲೇ ತೆಗೆದುಕೊಳ್ಳಬೇಕು ಎಂದಳು. ಮುಂದಿನ ಸೋಮವಾರ ಏಳು ಕೆಂಪು ದೀಪ. ನೋಡಲು ಬಂದ ಅಧಿಕಾರಿ ಈ ಹಾಸ್ಟೆಲ್ಲಿನಲ್ಲಿ ಕಾಯಿಲೆ ಹೆಚ್ಚಾಗಿದೆ ಎಂದು ಬರೆದುಕೊಂಡು ಹೋದ. ವಾರ್ಡನ್ ಅವನಿಗೆ ಕಾಫಿ ಕೊಟ್ಟು ಕಳಿಸಿದಳು. ಆ ವರ್ಷ ಮತ್ತೆ ಯಾರೂ ಬೀಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನನಗೆ ತಿಳಿಯಿತು ಅನ್ನಿಸಿತು.

“ಹಾಗಾದರೆ ಯಂತ್ರದ ತಪ್ಪಲ್ಲ ಬುದ್ಧೀ. ಯಂತ್ರವನ್ನು ನಂಬಬಹುದು.”

“ಧಾರಾಳವಾಗಿ ನಂಬು. ನಿನ್ನ ಮನೆಯಲ್ಲಿ ಕೆಂಪು ಬಂದರೆ ಏನಾಗುತ್ತದೆ?”

ಹೆದರಿಕೆಯಾದರೆ ನನಗೆ ಬಾಯಿ ಜೋರಾಗುತ್ತದೆ. ಅದು ನನ್ನ ಮನೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಕೈ ಮುಗಿದು ಎದ್ದು ಬಂದೆ.

ಮರುದಿನ ಬೆಳಿಗ್ಗೆ ನನ್ನ ಇಸ್ತ್ರಿ ಅಂಗಡಿ ತೆಗೆಯಲಿಲ್ಲ. ಮಗಳಿಗೆ ಉಪ್ಪಿಟ್ಟು ಮಾಡಿ ಎದುರಿಗೆ ಕೂತೆ. ಹೇಳಿದೆ.

“ನಿಮ್ಮವ್ವ ನನಗೆ ಹೆದರಿ ಹೇಳಲಿಲ್ಲ ಕಣವ್ವ. ತಪ್ಪು ನನ್ನದು.”

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು.

“ಎರಡು ತಿಂಗಳಾಯಿತು ಅಪ್ಪಾ. ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತದೆ.”

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವಳ ಬ್ಯಾಗನ್ನು ನನ್ನ ಹೆಗಲಿಗೆ ಹಾಕಿಕೊಂಡೆ. ಶಾಲೆಯವರೆಗೂ ಅವಳ ನಡಿಗೆಗೆ ತಕ್ಕಂತೆ ನಿಧಾನವಾಗಿ ನಡೆದೆ.