ಗುದ್ದಲಿ ಕೇಳಿದ ಹೆಸರು

ಗರಡಿಮನೆಯಲ್ಲಿ ಪೈಲ್ವಾನರು ಕುಸ್ತಿ ಆಡುವ ಕೆಮ್ಮಣ್ಣಿಗೆ ಮಟ್ಟಿ ಎಂದು ಹೆಸರು. ಒಂದು ದಿನ ಅದನ್ನು ಅಗೆಯಲು ಗುದ್ದಲಿ ಬಂತು.

"ಬೇಡ," ಎಂದಿತು ಮಟ್ಟಿ. "ನನ್ನನ್ನು ಅಗೆದರೆ ಮತ್ತೆ ಹದಕ್ಕೆ ಬರುವವರೆಗೆ ಎಂಟು ದಿನ ಕುಸ್ತಿ ನಿಲ್ಲುತ್ತದೆ. ಇವರಿಗೆಲ್ಲ ಬೀಳುವುದನ್ನು ಕಲಿಸುವುದು ನಾನು. ಮೂರು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ."

"ನಿನ್ನೆ ಬಿದ್ದವನು ಯಾರು?" ಎಂದು ಗುದ್ದಲಿ ಕೇಳಿತು.

ಮಟ್ಟಿಗೆ ನೆನಪಾಗಲಿಲ್ಲ. ಒಂದು ಕಾಲದಲ್ಲಿ ಬೆನ್ನು ತಾಗಿದರೆ ಸಾಕು, ಇಂಥವನೇ ಎಂದು ಹೇಳಿಬಿಡುತ್ತಿತ್ತು.

"ಚೆಲುವರಾಜು," ಎಂದಿತು ಗುದ್ದಲಿ. "ಭುಜಕ್ಕೆ ಪೆಟ್ಟಾಗಿದೆ. ಬಂಡೆಯ ಮೇಲೆ ಬಿದ್ದಂತಾಯಿತು ಎಂದ."

"ಹಾಗಾದರೆ ಅಗೆ," ಎಂದಿತು ಮಟ್ಟಿ.

ಮೇಲಿನ ಗಟ್ಟಿ ಪದರ ಒಡೆಯುವಷ್ಟರಲ್ಲಿ ಗುದ್ದಲಿಯ ಬಾಯಿ ಮೊಂಡಾಯಿತು. ಗೇಣುದ್ದ ಇಳಿದಾಗ ತೇವ ಸಿಕ್ಕಿತು. ಮಣ್ಣು ಮೆತ್ತಗಿರಲೆಂದು ಎಂದೋ ಸುರಿದ ಮಜ್ಜಿಗೆ, ಎಣ್ಣೆ, ಅರಿಶಿನದ ವಾಸನೆ ಗರಡಿಯನ್ನೆಲ್ಲ ತುಂಬಿತು. ಎತ್ತಿದ ಗುದ್ದಲಿ ಹಾಗೆಯೇ ನಿಂತಿತು.

"ಇಷ್ಟೆಲ್ಲ ನಿನ್ನೊಳಗೇ ಇತ್ತೇ?"

"ನನಗೂ ಗೊತ್ತಿರಲಿಲ್ಲ," ಎಂದಿತು ಮಟ್ಟಿ.

ಎಂಟು ದಿನ ಯಾರೂ ಅದರ ಮೇಲೆ ಕಾಲಿಡಲಿಲ್ಲ. ಒಂಬತ್ತನೆಯ ಬೆಳಗ್ಗೆ ಮೊದಲ ಬೆನ್ನು ಬಂದು ತಾಗಿತು.

"ಚೆಲುವರಾಜು," ಎಂದಿತು ಮಟ್ಟಿ. "ಎಡಭುಜ ಇನ್ನೂ ಹೆದರುತ್ತಿದೆ."