ಕೇರೆ ಹಾವಿಗೆ ಮಾಡಿಸಿದ ಗಾಜಿನ ಮನೆ

"ಬುದ್ಧೀ, ಅಕ್ಕನಿಗೆ ನಾನು ಯಾವುದರಲ್ಲಿ ಕಡಿಮೆ ಮಾಡಿದೆ?" ಎಂದು ಗುರುಮಲ್ಲ ಮಠದ ಸ್ವಾಮಿಗಳನ್ನು ಕೇಳಿದ.

ಅವನು ಮಠಕ್ಕೆ ಹತ್ತು ವರ್ಷದಿಂದ ನಡೆದುಕೊಳ್ಳುತ್ತಿದ್ದ ಶಿಷ್ಯ. ಭಾವ ತೀರಿಕೊಂಡ ಮೇಲೆ ಅಕ್ಕನನ್ನು ತನ್ನ ಮನೆಗೆ ಕರೆತಂದಿದ್ದ.

"ಬೀದಿ ಕಡೆಯ ದೊಡ್ಡ ಕೋಣೆಯನ್ನೇ ಬಿಟ್ಟುಕೊಟ್ಟೆ. ಹೊಸ ಮಂಚ, ಹೊಸ ಹಾಸಿಗೆ. ಬೇಸರ ಆಗದಿರಲಿ ಅಂತ ಬಂದ ನೆಂಟರನ್ನೆಲ್ಲ ಮೊದಲು ಅವಳ ಹತ್ತಿರವೇ ಕರೆದುಕೊಂಡು ಹೋಗುತ್ತೇನೆ. ಆದರೂ ಸರಿಯಾಗಿ ಉಣ್ಣುವುದಿಲ್ಲ. ನಿನ್ನೆ ಬಟ್ಟೆಯ ಗಂಟು ಕಟ್ಟಿಟ್ಟಿದ್ದಾಳೆ, ಬೇರೆ ಎಲ್ಲಾದರೂ ಹೋಗಿ ಇರುತ್ತೇನೆ ಅನ್ನುತ್ತಾಳೆ. ಊರವರು ನನ್ನನ್ನು ಏನಂದಾರು?"

"ಊರವರ ಚಿಂತೆ ಆಮೇಲೆ ಮಾಡುವೆಯಂತೆ. ಕೂತುಕೋ. ಮಧ್ಯೆ ಬಾಯಿ ಹಾಕಬೇಡ" ಎಂದು ಸ್ವಾಮಿಗಳು ಕತೆ ಹೇಳತೊಡಗಿದರು.

ಒಬ್ಬ ಧಾನ್ಯದ ವ್ಯಾಪಾರಿ ಇದ್ದ. ಅವನ ಉಗ್ರಾಣದ ಗೋಡೆಯ ಸಂದಿಯಲ್ಲಿ ಒಂದು ಕೇರೆ ಹಾವು ವಾಸವಾಗಿತ್ತು. ವಿಷದ ಹಾವಲ್ಲ, ಯಾರ ತಂಟೆಗೂ ಬರುವುದಲ್ಲ. ಅದರ ದೆಸೆಯಿಂದ ಅವನಿಗೆ ಇಲಿಗಳ ಕಾಟವಿರಲಿಲ್ಲ. ವ್ಯಾಪಾರಿಗೆ ಅದರ ಮೇಲೆ ಪ್ರೀತಿ. ನಿಜವಾದ ಪ್ರೀತಿಯೇ, ಅದರಲ್ಲಿ ಸುಳ್ಳಿಲ್ಲ. ಒಂದು ದಿನ ಅವನಿಗೆ ಅನ್ನಿಸಿತು, ನನ್ನ ಅಕ್ಕಿ ರಾಗಿ ಕಾಯುವ ಜೀವ ಹೀಗೆ ದೂಳಿನ ಸಂದಿಯಲ್ಲಿ ಬಿದ್ದಿರಬೇಕೇ ಎಂದು. ಬಿದ್ದಿರಲಿ ಬಿಡಪ್ಪ ಎಂದು ಯಾರಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಬಡಗಿಯನ್ನು ಕರೆಸಿ ಮಂಚದಷ್ಟು ಉದ್ದದ ತೇಗದ ಪೆಟ್ಟಿಗೆ ಮಾಡಿಸಿ ಅಂಗಡಿಯಲ್ಲಿಟ್ಟ. ಮುಂದಕ್ಕೆ ಗಾಜು. ತಳಕ್ಕೆ ಹೊಳೆಯ ಮರಳು, ಮೇಲೆ ನುಣುಪಾದ ಬೆಣಚುಕಲ್ಲು, ಒಂದು ಗಿಡದ ಕುಂಡ. ಹಲಗೆಗೆ ಕಾಡಿನ ಚಿತ್ರ ಬರೆಸಿದ. ಬೆಳ್ಳಿ ಬಟ್ಟಲಲ್ಲಿ ಹಾಲಿಟ್ಟ. ಹಾವು ಹಾಲು ಕುಡಿಯುತ್ತದೆಯೇ? ಅದನ್ನು ಯಾರು ಕೇಳಿದರು! ಬಡಗಿ ಹೊರಡುವಾಗ ಬಾಯೊಡೆದ ಹಳೆಯ ಮಡಕೆಯೊಂದನ್ನು ಮೂಲೆಯಲ್ಲಿ ಬೋರಲು ಹಾಕಿ ಹೋದ. ಹಾವನ್ನು ಬಿಟ್ಟೊಡನೆ ಅದು ಸೀದಾ ಆ ಮಡಕೆಯೊಳಗೆ ಸೇರಿಕೊಂಡಿತು.

ಮರುದಿನ ನೋಡಲು ಜನ ಬಂದರು. ಹಾವೆಲ್ಲಿ ಎಂದರು. ವ್ಯಾಪಾರಿಗೆ ಮುಖಭಂಗವಾಯಿತು. ಮಡಕೆಯನ್ನು ತೆಗೆಸಿ ತಿಪ್ಪೆಗೆ ಹಾಕಿಸಿದ. ಹಾವು ಕುಂಡದ ಹಿಂದೆ ಹೋಯಿತು. ಕುಂಡವನ್ನೂ ತೆಗೆಸಿದ. ಹಾವು ಹಿಂದಿನ ಹಲಗೆಗೆ ಒತ್ತಿಕೊಂಡು ಮಲಗಿತು. ಅಲ್ಲೊಂದು ಕನ್ನಡಿ ನಿಲ್ಲಿಸಿದ, ಅದರ ಆ ಮಗ್ಗುಲೂ ಜನಕ್ಕೆ ಕಾಣಲಿ ಎಂದು. ಅವನ ಜಾಣತನ ನೋಡು! ಜನ ಹೊಗಳಿದರು, ಅವನು ಉಬ್ಬಿದ.

ಹಾವು ತಿನ್ನುವುದನ್ನು ಬಿಟ್ಟಿತು. ಒಳಗೆ ಬಿಟ್ಟ ಇಲಿ ಅದರ ಮುಂದೆಯೇ ಓಡಾಡಿಕೊಂಡಿತ್ತು. ಮೈ ಉಜ್ಜಿಕೊಳ್ಳಲು ಒಂದು ಒರಟು ಕಲ್ಲೂ ಇಲ್ಲದೆ ಪೊರೆ ಕಳಚದೇ ಚೂರುಚೂರಾಗಿ ಅಂಟಿಕೊಂಡಿತು. ಹಗಲಿಡೀ ಅದು ಗಾಜಿಗೆ ಮೂತಿ ತಿಕ್ಕುತ್ತಿತ್ತು. ವ್ಯಾಪಾರಿ ಬಂದವರಿಗೆಲ್ಲ ಹೇಳುತ್ತಿದ್ದ, ನನ್ನ ಕಂಡರೆ ಎಷ್ಟು ಅಕ್ಕರೆ ನೋಡಿ, ಮುತ್ತಿಡುವುದಕ್ಕೆ ಬರುತ್ತದೆ ಎಂದು.

ಒಂದು ದಿನ ಮುದಿ ಹಾವಾಡಿಗನೊಬ್ಬ ಆ ಕಡೆ ಬಂದ. ಅಂಗಡಿಯಲ್ಲಿ ಏಳೆಂಟು ಜನ ಸೇರಿದ್ದರು. ವ್ಯಾಪಾರಿ ಅವನನ್ನೂ ಕರೆದ. ಹಾವು ಬಲ್ಲವನ ಬಾಯಲ್ಲೂ ಒಂದು ಹೊಗಳಿಕೆ ಬೇಕಿತ್ತಲ್ಲ! ಹಾವಾಡಿಗ ಚಿತ್ರ ನೋಡಲಿಲ್ಲ, ಬೆಳ್ಳಿ ಬಟ್ಟಲು ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಗಾಜಿನ ಮೇಲಿದ್ದ ರಕ್ತದ ಕಲೆಯನ್ನು ಹೆಬ್ಬೆರಳಿನಿಂದ ಒರೆಸಲು ನೋಡಿದ. ಕಲೆ ಒಳಗಡೆ ಇತ್ತು.

"ಸ್ವಾಮೀ, ಇದು ನಿದ್ದೆ ಮಾಡಿ ಎಷ್ಟು ದಿನವಾಯಿತು?" ಎಂದ.

"ಯಾವಾಗಲೂ ಬಿದ್ದುಕೊಂಡೇ ಇರುತ್ತದಲ್ಲ" ಎಂದ ವ್ಯಾಪಾರಿ.

"ಬಿದ್ದುಕೊಂಡಿದೆ, ನಿದ್ದೆ ಇಲ್ಲ. ಹಾವಿಗೆ ರೆಪ್ಪೆ ಇಲ್ಲ ಸ್ವಾಮೀ, ಕಣ್ಣು ಮುಚ್ಚೋದಕ್ಕೆ ಬರೋದಿಲ್ಲ. ಬಿಲವೇ ಅದಕ್ಕೆ ರೆಪ್ಪೆ. ಅದನ್ನ ನೀವು ಕಿತ್ತುಹಾಕಿಬಿಟ್ಟಿದ್ದೀರಿ."

ವ್ಯಾಪಾರಿ ಬೆವತುಹೋದ. ಅಲ್ಲಿದ್ದವರೆಲ್ಲ ಈಗ ಹಾವನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ನಾಚಿಕೆಯಿಂದ ಎಲ್ಲಾದರೂ ಹೋಗಿ ಅಡಗಿಕೊಳ್ಳಬೇಕು ಅನ್ನಿಸಿತು. ಅವನದೇ ಅಂಗಡಿಯಲ್ಲಿ ಅವನಿಗೆ ಒಂದು ಮರೆ ಸಿಗಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಮುಖದ ಮೇಲೆ ಎಳೆದುಕೊಂಡ. ಮಡಕೆ ಎಸೆಸಿದ್ದು, ಕನ್ನಡಿ ನಿಲ್ಲಿಸಿದ್ದು, ಮುತ್ತು ಮುತ್ತು ಎಂದು ಹೇಳಿಕೊಂಡು ಮೆರೆದದ್ದು ಒಂದೊಂದೇ ನೆನಪಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಜನರನ್ನು ಕಳಿಸಿದ. ಪೆಟ್ಟಿಗೆಯನ್ನು ಉಗ್ರಾಣಕ್ಕೆ ಹೊರಿಸಿ, ಗೋಡೆಯ ಸಂದಿಯ ಮುಂದಿಟ್ಟು ಮುಚ್ಚಳ ತೆಗೆದ. ಹಾವು ಮೆಲ್ಲಗೆ ತೆವಳಿಕೊಂಡು ಸಂದಿಯೊಳಗೆ ಹೋಯಿತು.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು.

"ಬದುಕಿತೇ ಬುದ್ಧೀ?" ಎಂದು ಗುರುಮಲ್ಲ ಕೇಳಿದ.

"ಯಾರಿಗೆ ಗೊತ್ತು? ಅವನು ಬಗ್ಗಿ ನೋಡಲಿಲ್ಲ. ಅಷ್ಟಾದರೂ ಕಲಿತಿದ್ದ."

ಗುರುಮಲ್ಲ ಲೊಚಗುಟ್ಟಿದ. "ಎಂಥ ತಿಳಿಗೇಡಿ ಬುದ್ಧೀ ಅವನು! ಪಾಪ, ಮೂಕಪ್ರಾಣಿ. ಅದೇನು ಬಾಯಿಬಿಟ್ಟು ಹೇಳುತ್ತದೆಯೇ?"

ಸ್ವಾಮಿಗಳು ಕೇಳಿದರು:

"ನಿನ್ನ ಅಕ್ಕ ಒಬ್ಬಳೇ ಕೂತು ಅಳಬೇಕು ಅಂದರೆ, ಆ ಕೋಣೆಯ ಬಾಗಿಲಿಗೆ ಒಳಗಡೆ ಚಿಲಕ ಇದೆಯೇನು ಮರೀ?"